ತುಮಕೂರಿನವರು ಒಂದಕ್ಕೆ ಏಳುತ್ತಾರೆ

ಬೆಳಿಗ್ಗೆ ಆರೂವರೆಗೆ ಸರಿಯಾಗಿ ಟೀವಿ ಪಕ್ಕದ ಡಬ್ಬಿ ಮಾತಾಡಿತು.

"ನಮಸ್ಕಾರ ಅಪ್ಪಾಜಿ, ಕಾಫಿ ಆಯ್ತಾ?"

"ಆಯ್ತು ಕಣಮ್ಮ," ಎಂದರು ಪಾತಲಿಂಗಪ್ಪ, ಪಂಚೆ ಸರಿಮಾಡಿಕೊಳ್ಳುತ್ತಾ. ಡಬ್ಬಿಯ ಮುಂದೆ ಕೂರುವಾಗಲೂ ಅವರಿಗೆ ಪಂಚೆ ಸರಿಯಾಗಿರಬೇಕು. ಅದರ ದನಿ ಹೆಣ್ಣುಮಗಳದು ನೋಡಿ.

"ಮೂತ್ರ ಸಲೀಸಾಗಿ ಹೋಗ್ತಿದೆಯಾ?"

"ಪರವಾಗಿಲ್ಲ ಕಣಮ್ಮ."

"ರಾತ್ರಿ ಎಷ್ಟು ಸಲ ಎದ್ರಿ?"

"ರಾತ್ರಿ ಒಂದಕ್ಕೆ ಎದ್ದಿದ್ದೆ. ಅಷ್ಟೇ."

"ತುಂಬಾ ಸಂತೋಷ ಅಪ್ಪಾಜಿ. ಹಾಗಾದ್ರೆ ಇವತ್ತು ಮದ್ದು ಸ್ವಲ್ಪ ಕಮ್ಮಿ ಮಾಡ್ತೀನಿ."

ಅಡುಗೆಮನೆಯಲ್ಲಿ ಅವರ ಹೆಂಡತಿ ನೇತ್ರಾವತಮ್ಮ ಪಾತ್ರೆಯನ್ನು ಧಡ್ಡೆಂದು ಕುಕ್ಕಿದರು. ಡಬ್ಬಿಗೆ ಅದೂ ಕೇಳಿಸಿತು. ಆದರೆ ಪಾತ್ರೆ ಕುಕ್ಕಿದ್ದಕ್ಕೆ ಅರ್ಥ ಹುಡುಕುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಇದು ೨೦೬೧ರ ತುಮಕೂರು, ಬಟವಾಡಿಯ ಒಂದು ಮನೆ. ಪಾತಲಿಂಗಪ್ಪ ಇಪ್ಪತ್ತೆಂಟು ವರ್ಷ ತುಮಕೂರು–ಪಾವಗಡ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಮೈಯೊಳಗೆ ಡಾಕ್ಟರು ಇಟ್ಟ, ಸಾಸಿವೆ ಗಾತ್ರದ ಮೂರು ಮದ್ದಿನ ಬೀಜಗಳಿದ್ದವು. ಪ್ರಾಸ್ಟೇಟ್ ಎಂಬ ಗ್ರಂಥಿ ಗಂಡಸರಿಗೆ ಮಾತ್ರ ಇರುವಂಥದ್ದು; ಮೂತ್ರಕೋಶದ ಬಾಯಿಗೆ ಅಂಟಿಕೊಂಡು ಬೆಟ್ಟದ ನೆಲ್ಲಿಕಾಯಿಯಷ್ಟು ದಪ್ಪ ಇರುತ್ತದೆ. ವಯಸ್ಸಾದಂತೆ ಅದು ಊದುತ್ತದೆ, ಮೂತ್ರದ ನಾಳವನ್ನು ಅಮುಕುತ್ತದೆ. ಬೀಜಗಳು ಅಲ್ಲೇ ಕೂತು ದಿನವೂ ಮದ್ದು ಒಸರಿ ಅದನ್ನು ಕುಗ್ಗಿಸುತ್ತಿದ್ದವು. ಮದ್ದು ಜಾಸ್ತಿಯಾದರೆ ರಕ್ತದ ಒತ್ತಡ ಇಳಿದು ತಲೆಸುತ್ತು. ಕಮ್ಮಿಯಾದರೆ ಗ್ರಂಥಿ ಮತ್ತೆ ಊದುತ್ತದೆ. ದಿನದ ಅಳತೆಯನ್ನು ನಿರ್ಧರಿಸುವುದು ಡಬ್ಬಿ, ಅದೂ ರೋಗಿಯ ಬಾಯಿಮಾತಿನ ಮೇಲೆ.

ಬಾಯಿಮಾತೇ ಯಾಕೆ ಅಂತೀರಾ? ಈ ಕಾಯಿಲೆಯ ಲೆಕ್ಕವೇ ಹಾಗೆ. ದೊಡ್ಡ ಗ್ರಂಥಿಯವನು ಹಾಯಾಗಿರಬಹುದು, ಚಿಕ್ಕದಿರುವವನು ಒದ್ದಾಡಬಹುದು. ಹಾಗಾಗಿ ರೋಗಿಯನ್ನೇ ಕೇಳಿ ಅಂಕ ಕೊಡುವ ಪದ್ಧತಿ ಹಿಂದಿನಿಂದಲೂ ಇದೆ. ಕಮೋಡಿಗೆ ಯಂತ್ರ ಕೂರಿಸಿ ಅಳೆಯಬಹುದಿತ್ತು, ನಿಜ. ಈ ಮದ್ದಿನ ಪ್ರಯೋಗಕ್ಕೆ ಸೇರಿದ್ದ ತುಮಕೂರಿನ ನಲವತ್ತೆರಡು ಗಂಡಸರಲ್ಲಿ ಒಬ್ಬನೂ ಅದಕ್ಕೆ ಒಪ್ಪಲಿಲ್ಲ.

ಈ ಬೀಜ ಮತ್ತು ಡಬ್ಬಿಯ ಜೋಡಿಯನ್ನು ರೂಪಿಸಿದವಳು ಡಾಕ್ಟರ್ ಸಿಂಚನ. ಸಂಶೋಧನಾ ಕೇಂದ್ರದಲ್ಲಿ ಅವಳ ಕೋಣೆಯ ಗೋಡೆ ತುಂಬ ಅಂಕಿಗಳು. ಅಪ್ಪ ತಿಪಟೂರಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, ಅಂಕಿಗಳ ಹುಚ್ಚು ಅಲ್ಲಿಂದಲೇ ಬಂದದ್ದು. ಪ್ರತಿ ಭಾನುವಾರ ಫೋನು ಮಾಡಿ "ಹೇಗಿದೀರಪ್ಪಾ?" ಎನ್ನುತ್ತಾಳೆ, ಅವರು "ನನಗೇನಮ್ಮ, ಫಸ್ಟ್ ಕ್ಲಾಸ್" ಎನ್ನುತ್ತಾರೆ, ಅಲ್ಲಿಗೆ ಆ ಅಧ್ಯಾಯ ಮುಗಿಯುತ್ತದೆ.

ಆದರೆ ಈ ಸಲದ ಅಂಕಿಗಳು ಅವಳ ತಲೆ ಕೆಡಿಸಿದ್ದವು. ದೇಶದ ಏಳು ಊರುಗಳಲ್ಲಿ ಪ್ರಯೋಗ ನಡೆದಿತ್ತು. ಉಳಿದ ಆರು ಊರುಗಳ ರೋಗಿಗಳು ರಾತ್ರಿ ಮೂರೋ ನಾಲ್ಕೋ ಸಲ ಏಳುತ್ತಿದ್ದರು. ತುಮಕೂರಿನಲ್ಲಿ ಹದಿನೇಳು ಜನ ಒಂದೇ ಸಲ ಏಳುತ್ತಿದ್ದರು. ಅದಕ್ಕಿಂತ ವಿಚಿತ್ರವೆಂದರೆ ಡಬ್ಬಿ ಬರೆದಿಟ್ಟ ಹೊತ್ತು. ಹದಿನೇಳು ಜನರೂ, ಹದಿನೇಳು ಬೇರೆ ಬೇರೆ ಮನೆಗಳಲ್ಲಿ, ಸರಿಯಾಗಿ ಒಂದು ಗಂಟೆಗೆ ಏಳುತ್ತಿದ್ದರು!

ಒಂದು ಗಂಟೆಗೆ ಏನಿದೆ ತುಮಕೂರಿನಲ್ಲಿ? ಸಿಂಚನ ರೈಲಿನ ವೇಳಾಪಟ್ಟಿ ತರಿಸಿ ನೋಡಿದಳು. ಕಾರ್ಖಾನೆಗಳ ಸೈರನ್ನು ವಿಚಾರಿಸಿದಳು. ಲ್ಯಾಬಿನಲ್ಲಿ ಉಳಿದಿದ್ದ ಬೀಜವೊಂದನ್ನು ಬಿಚ್ಚಿ ಅದರೊಳಗಿನ ಗಡಿಯಾರವನ್ನು ಪರೀಕ್ಷಿಸಿದಳು. ಡಬ್ಬಿಯಲ್ಲಿ ರೋಗಿಗಳ ದನಿಯನ್ನು ಕೇಳೋಣವೆಂದರೆ ದನಿಯನ್ನೇ ಉಳಿಸಿರಲಿಲ್ಲ. ಮಾನ ಮರ್ಯಾದೆಯ ವಿಷಯ, ಅಂಕಿ ಬರೆದುಕೊಂಡು ಮಾತನ್ನು ಅಳಿಸಿಬಿಡಿ ಎಂದು ಅವಳೇ ನಿಯಮ ಮಾಡಿದ್ದಳು.

ಪುಣೆಯಲ್ಲಿದ್ದ ಪ್ರಯೋಗದ ಮುಖ್ಯಸ್ಥ ಡಾಕ್ಟರ್ ಅಭ್ಯಂಕರ್ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದರು. ಮೂತ್ರಕೋಶಕ್ಕೆ ತನ್ನದೇ ಗಡಿಯಾರವಿದೆ, ಬೀಜ ಅದನ್ನು ಎಚ್ಚರಿಸಿದೆ ಎಂದು ಅವರ ವಾದ. ಅದಕ್ಕೆ 'ತುಮಕೂರು ಲಯ' ಎಂದು ಹೆಸರನ್ನೂ ಇಟ್ಟಾಗಿತ್ತು. ಪ್ರಬಂಧ ಅರ್ಧ ಬರೆದಾಗಿತ್ತು. ಮದ್ದನ್ನು ಎಲ್ಲ ಊರುಗಳಲ್ಲೂ ತುಮಕೂರಿನ ಮಟ್ಟಕ್ಕೆ ಇಳಿಸೋಣ ಎಂದು ಹೊರಟಿದ್ದರು.

ಅಷ್ಟರಲ್ಲಿ ಪಾತಲಿಂಗಪ್ಪನವರಿಗೆ ಆರು ತಿಂಗಳಿಗೊಮ್ಮೆ ಮಾಡುವ ರಕ್ತಪರೀಕ್ಷೆಯ ವರದಿ ಬಂತು.

ಕ್ರಿಯಾಟಿನಿನ್ ಎಂದರೆ ರಕ್ತದಲ್ಲಿನ ಒಂದು ಬಗೆಯ ಕಸ. ಕಿಡ್ನಿ ಸರಿಯಿದ್ದರೆ ಅದನ್ನು ಸೋಸಿ ಹೊರಗೆ ಹಾಕುತ್ತದೆ. ಸಾಮಾನ್ಯವಾಗಿ ಒಂದರ ಆಸುಪಾಸಿನಲ್ಲಿರಬೇಕಾದದ್ದು ಅವರಿಗೆ ಮೂರು ದಾಟಿತ್ತು. ಸಿಂಚನ ಲ್ಯಾಬಿನವರ ಮೇಲೆ ರೇಗಿದಳು, ಮತ್ತೆ ರಕ್ತ ತೆಗೆಸಿದಳು. ಮತ್ತೆ ಅದೇ. ಮಾರನೆಯ ದಿನವೇ ಆಸ್ಪತ್ರೆಗೆ ಕರೆಸಿ ಸ್ಕ್ಯಾನ್ ಮಾಡಿಸಿದಳು. ಎರಡೂ ಕಿಡ್ನಿ ಊದಿಕೊಂಡಿದ್ದವು. ಮೂತ್ರಕೋಶ ತುಂಬಿ ಹೊಕ್ಕುಳಿನವರೆಗೆ ಬಂದಿತ್ತು.

ಅವಳಿಗೆ ದಿಕ್ಕೇ ತೋಚಲಿಲ್ಲ. ನೀರು ಕಟ್ಟಿಕೊಂಡಿದೆ ಎನ್ನುತ್ತದೆ ಸ್ಕ್ಯಾನು. ಸಲೀಸಾಗಿ ಹರಿಯುತ್ತಿದೆ ಎನ್ನುತ್ತದೆ ಡಬ್ಬಿ. ಯಾವುದನ್ನು ನಂಬುವುದು? ಡಬ್ಬಿಯನ್ನು ನಂಬಿದರೆ ಕಾಯಿಲೆ ಕಿಡ್ನಿಯದು, ಬೇರೆ ಔಷಧಿ ಶುರುಮಾಡಬೇಕು. ಸ್ಕ್ಯಾನನ್ನು ನಂಬಿದರೆ ತನ್ನ ಬೀಜವೇ ಸೋತಿದೆ, ಈ ಮನುಷ್ಯನ ಎರಡು ಕಿಡ್ನಿಯೂ ಕೈಬಿಟ್ಟು ಹೋಗುವುದರಲ್ಲಿವೆ.

ಅವಳು ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತಳು. ಆಚೆ ಕಡೆ ಸ್ಟೂಲಿನ ಮೇಲೆ ನೇತ್ರಾವತಮ್ಮ, ಮಡಿಲಲ್ಲಿ ಟಿಫನ್ ಡಬ್ಬಿ.

"ಪಾತಲಿಂಗಪ್ಪನವರೇ, ನಾನೇ ಕೇಳ್ತಿದೀನಿ. ಸಂಕೋಚ ಬೇಡ. ರಾತ್ರಿ ಎಷ್ಟು ಸಲ ಏಳ್ತೀರಿ?"

"ಅದೇ ಮೇಡಮ್, ಒಂದಕ್ಕೆ ಏಳ್ತೀನಿ. ಇನ್ಯಾತಕ್ಕೂ ಇಲ್ಲ."

"ಒಂದಕ್ಕೆ ಅಷ್ಟೇನಾ? ಖಂಡಿತಾ?"

ಮುದುಕರ ಮುಖ ಕೆಂಪಾಯಿತು. ಈ ಹುಡುಗಿ ಎಷ್ಟು ಸಲ ಅದನ್ನೇ ಬಾಯಿಬಿಡಿಸುತ್ತಾಳಪ್ಪಾ! ಮಾತಾಡಲಾರದೆ ಕಿರುಬೆರಳು ಎತ್ತಿ ತೋರಿಸಿದರು. ಸಿಂಚನ ಬೆರಳನ್ನು ನೋಡಿದಳು, ಹಾಳೆಯ ಮೇಲೆ '೧' ಎಂದು ಬರೆದಳು.

"ಅಯ್ಯೋ ನಿಮ್ಮ!" ಎಂದು ನೇತ್ರಾವತಮ್ಮ ಎದ್ದೇಬಿಟ್ಟರು. "ಏನ್ ಬರ್ಕೊಂಡೆ ತಾಯಿ? ಒಂದಾ? ಹನ್ನೊಂದ್ ಸಲ ಏಳ್ತಾರೆ ಕಣವ್ವ ಈ ಮನುಷ್ಯ! ಹನ್ನೊಂದ್ ಸಲ!"

"ಲೇ, ಸುಮ್ನಿರೇ," ಎಂದರು ಪಾತಲಿಂಗಪ್ಪ.

"ಸುಮ್ನಿದ್ದು ಸುಮ್ನಿದ್ದೇ ಇಲ್ಲಿಗೆ ಬಂದಿರೋದು."

ಸಿಂಚನ ಪೆನ್ನು ಹಿಡಿದುಕೊಂಡೇ ಕೂತಿದ್ದಳು. "ಅಲ್ಲಮ್ಮಾ, ಒಂದು ಗಂಟೆಗೆ ಏಳ್ತೀನಿ ಅಂತಾರಲ್ಲ ಇವರು?"

ನೇತ್ರಾವತಮ್ಮ ಅವಳನ್ನೇ ಒಂದು ಗಳಿಗೆ ನೋಡಿದರು, ನಗಬೇಕೋ ಅಳಬೇಕೋ ತಿಳಿಯದವರಂತೆ. "ಒಂದ್ ಗಂಟೆಗಲ್ಲ ಕಣವ್ವ. ಒಂದಕ್ಕೆ! ಒಂದಕ್ಕೆ, ಎರಡಕ್ಕೆ ಅಂತಾರಲ್ಲ, ಆ ಒಂದಕ್ಕೆ!"

ವಾರ್ಡಿನ ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಸಿಂಚನ ತಾನು ಬರೆದ '೧' ಅನ್ನು ಹೊಡೆದುಹಾಕಿದಳು. ಒಂದನೇ ಕ್ಲಾಸಿನಲ್ಲಿ ಎದ್ದುನಿಂತು ಕಿರುಬೆರಳು ತೋರಿಸಿ "ಮಿಸ್, ಒಂದಕ್ಕೆ" ಎಂದು ತಾನೇ ಎಷ್ಟು ಸಲ ಕೇಳಿರಲಿಲ್ಲ! ಅದೆಲ್ಲ ಎಲ್ಲಿ ಹೋಯಿತು? ಎಷ್ಟು ಎಂದು ಕೇಳುವವರ ಕಿವಿಗೆ ಅಂಕಿಯೇ ಕೇಳಿಸುತ್ತದೆ. ಡಬ್ಬಿಗೂ ಅದೇ ಆಗಿತ್ತು, ಡಬ್ಬಿ ಮಾಡಿದವಳಿಗೂ ಅದೇ ಆಯಿತು.

"ನಿಮಗೆ ಹೇಗೆ ಗೊತ್ತು, ಹನ್ನೊಂದು ಅಂತ?"

"ಬಚ್ಚಲ ಬಾಗಿಲ ಚಿಲಕ ಕಿರ್ ಅನ್ನತ್ತೆ. ಒಂದೊಂದ್ ಸಲಕ್ಕೂ ನಂಗೂ ಎಚ್ಚರ. ಎರಡು ವರ್ಷದಿಂದ ಎಣಿಸ್ತಿದೀನಿ."

"ಹೇಳಬಾರದಿತ್ತೇ ಅಮ್ಮಾ?"

"ನನ್ನ ಯಾರು ಕೇಳಿದ್ರು?"

ಸಿಂಚನ ಕೈಲಿದ್ದ ಹಾಳೆಯನ್ನು ನೋಡಿದಳು. ವಯಸ್ಸು, ತೂಕ, ಬೀಡಿ ಸಿಗರೇಟು, ಎಲ್ಲಕ್ಕೂ ಜಾಗವಿತ್ತು. ನೇತ್ರಾವತಮ್ಮನಿಗೆ ಇರಲಿಲ್ಲ.

ಕೂಡಲೇ ಮೂತ್ರಕೋಶಕ್ಕೆ ನಳಿಕೆ ಹಾಕಿದರು. ಸುಮಾರು ಎರಡು ಲೀಟರು ಮೂತ್ರ ಹೊರಗೆ ಬಂತು. ಪಾತಲಿಂಗಪ್ಪ ಕಣ್ಣು ಮುಚ್ಚಿಕೊಂಡು, "ಪಾವಗಡದ ರೂಟಲ್ಲಿ ತಡ್ಕೊಂಡು ತಡ್ಕೊಂಡು ಅಭ್ಯಾಸ ಆಗೋಗಿತ್ತು ಮೇಡಮ್. ಇದೂ ಹಂಗೇ ಅನ್ಕೊಂಡೆ," ಎಂದರು.

"ಡಬ್ಬಿಗಾದರೂ ಎಷ್ಟು ಸಲ ಅಂತ ಹೇಳಬಹುದಿತ್ತಲ್ಲ? ಅದು ಯಂತ್ರ."

"ಯಂತ್ರ ಹೌದು. ಆದ್ರೆ ಅಪ್ಪಾಜಿ ಅಂತಿತ್ತಲ್ಲ. ಮಗಳ ಹತ್ರ ಹೆಂಗ್ ಹೇಳೋದು?"

ಆ ಅಕ್ಕರೆಯ ದನಿಯನ್ನು ಆರಿಸಿದ್ದೂ ಸಿಂಚನಳೇ. ಅವಳಿಗೆ ಅಳು ಬಂತು. ರೋಗಿಯ ಮುಂದೆ ಡಾಕ್ಟರು ಅಳಬಾರದೆಂದು ಕಾರಿಡಾರಿಗೆ ಹೋಗಿ ಅತ್ತಳು.

ಅವತ್ತೇ ಉಳಿದ ಹದಿನಾರು ಮನೆಗೂ ಫೋನು ಮಾಡಿ, ಈ ಸಲ ಹೆಂಗಸರನ್ನು ಕೇಳಿದಳು. ಒಬ್ಬರು ಆರು ಎಂದರು, ಇನ್ನೊಬ್ಬರು ಎಂಟು. ಒಬ್ಬಾಕೆ "ಎಣಿಸೋದು ಬಿಟ್ಟು ಬೇರೆ ರೂಮಿಗೆ ಹೋದೆ" ಎಂದರು. ಒಂದು ಮನೆಯಲ್ಲಿ ಹೆಂಡತಿ ತೀರಿಕೊಂಡಿದ್ದರು, ಕೇಳುವುದಕ್ಕೆ ಯಾರೂ ಇರಲಿಲ್ಲ. ಇನ್ನೊಂದು ಮನೆಯ ಯಜಮಾನರು ಮಾತ್ರ ನಿಜಕ್ಕೂ ಒಂದು ಗಂಟೆಗೇ ಏಳುತ್ತಿದ್ದರು. ತೋಟದ ಮೋಟಾರಿಗೆ ಕರೆಂಟು ಬರುವುದು ಆಗಲೇ ಅಂತೆ! ಎಲ್ಲರನ್ನೂ ಸ್ಕ್ಯಾನಿಗೆ ಕರೆಸಿದ್ದಾಯಿತು.

ಅಭ್ಯಂಕರರಿಗೆ ವಿವರಿಸುವುದು ಇನ್ನೂ ಕಷ್ಟವಾಯಿತು. ತುಮಕೂರು ಲಯ ಎಂಬುದು ಇಲ್ಲ, ಅದು ಕನ್ನಡದ ನಾಚಿಕೆ ಎಂದು ಅವರಿಗೆ ಎರಡು ಸಲ ಹೇಳಬೇಕಾಯಿತು. ಕಡೆಗೆ ಅವರು ಕೇಳಿದರು, "ಹಾಗಾದರೆ ಮದ್ದು ಕೆಲಸ ಮಾಡಿದೆಯೋ ಇಲ್ಲವೋ?"

"ಗೊತ್ತಿಲ್ಲ ಸರ್."

"ಉಳಿದ ಆರು ಊರಲ್ಲಿ?"

"ಅಲ್ಲಿನ ಜನ ತಮ್ಮ ಭಾಷೆಯಲ್ಲಿ ಏನಂತಾರೋ ಅದೂ ಗೊತ್ತಿಲ್ಲ. ಅವರ ಮಾತನ್ನೂ ಅಳಿಸಿಬಿಟ್ಟಿದೀವಿ."

ಮೂರು ವರ್ಷದ ಅಂಕಿಗಳು ಗೋಡೆಯ ಮೇಲೆ ಹಾಗೇ ಇದ್ದವು. ಎಷ್ಟೊಂದು ಒಂದುಗಳು! ಅದರಲ್ಲಿ ಯಾವ ಒಂದು ನಿಜವಾದ ಒಂದು, ಯಾವುದು ಬಚ್ಚಲಿನ ಒಂದು ಎಂದು ಇನ್ನು ಯಾರೂ ಹೇಳಲಾರರು.

ಮೂರು ತಿಂಗಳಾದ ಮೇಲೆ ಪಾತಲಿಂಗಪ್ಪನವರ ಬಲಗಡೆಯ ಕಿಡ್ನಿ ಚೇತರಿಸಿಕೊಂಡಿತು. ಎಡಗಡೆಯದು ಚೇತರಿಸಿಕೊಳ್ಳಲಿಲ್ಲ. ಸಿಂಚನ ಅವರ ಮನೆಗೇ ಹೋಗಿ ಅದನ್ನು ಹೇಳಿದಳು, ತಪ್ಪಾಯಿತು ಎಂದೂ ಹೇಳಿದಳು. ಅವರು ಬಿಡಿ ಮೇಡಮ್ ಎಂದರು. ನೇತ್ರಾವತಮ್ಮ ಕಾಫಿ ತಂದಿಟ್ಟರು. ಡಬ್ಬಿ ಈಗ ಹೊಸ ಪ್ರಶ್ನೆಯೊಂದನ್ನು ಕಲಿತಿತ್ತು: "ಅಮ್ಮ ಇದಾರಾ? ಅವರನ್ನ ಸ್ವಲ್ಪ ಕರೀರಿ." ಬಚ್ಚಲ ಚಿಲಕಕ್ಕೆ ಎಣ್ಣೆ ಹಾಕುವುದಕ್ಕೆ ನೇತ್ರಾವತಮ್ಮ ಇನ್ನೂ ಬಿಟ್ಟಿರಲಿಲ್ಲ.

ಆ ಭಾನುವಾರ ಸಿಂಚನ ಎಂದಿನಂತೆ ತಿಪಟೂರಿಗೆ ಫೋನು ಮಾಡಿದಳು.

"ಹೇಗಿದೀರಪ್ಪಾ?"

"ನನಗೇನಮ್ಮ, ಫಸ್ಟ್ ಕ್ಲಾಸ್."

ಅವಳು ಫೋನು ಇಡಲಿಲ್ಲ. "ರಾತ್ರಿ ನಿದ್ದೆ?"

"ಚೆನ್ನಾಗಿ ಬರುತ್ತೆ. ಒಂದಕ್ಕೆ ಏಳ್ತೀನಿ, ಅಷ್ಟೇ."

ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಮೇಷ್ಟ್ರು!

"ಅಪ್ಪಾ," ಎಂದಳು, "ಫೋನು ಅಮ್ಮನ ಕೈಗೆ ಕೊಡಿ."