ಓದಿ ಹೇಳದ ಸಾಲು

"ನನ್ನನ್ನೇ ಕತ್ತರಿಸಿ ಬಿಸಾಕಿದ್ದೀರಲ್ಲ!"

ಪ್ರೆಸ್ಸಿನ ಬಾಗಿಲು ದಾಟಿದ್ದೇ ತಡ, ಕೈಯಲ್ಲಿದ್ದ ಪ್ರೂಫ್ ಹಾಳೆಯನ್ನು ಅವಳು ಮೇಜಿನ ಮೇಲೆ ಬಡಿದಳು. ಕಂಪ್ಯೂಟರಿನ ಹಿಂದಿನಿಂದ ಒಂದು ತಲೆ ಮೇಲೆದ್ದಿತು. ಕನ್ನಡಕ ಹಣೆಗೇರಿತ್ತು, ಮೊಣಕೈಗೆಲ್ಲ ಮಸಿ.

"ನಾನಾ? ನಿಮ್ಮನ್ನಾ?"

"ನಮ್ಮ ಮನೆಯವರ ಈ ಫೋಟೋ ನೋಡಿ. ಇಲ್ಲಿ ತುದೀಲಿ ಕುರ್ಚಿ ಹಿಡ್ಕೊಂಡು ಒಂದು ಮಗು ನಿಂತಿತ್ತು. ಎಲ್ಲಿ ಹೋಯ್ತು?"

ಅವನು ಫೋಟೋ ನೋಡಿದ, ಅವಳನ್ನು ನೋಡಿದ, ಮತ್ತೆ ಫೋಟೋ ನೋಡಿದ.

"ಪುಟಕ್ಕೆ ಹಿಡಿಸ್ಲಿಲ್ಲ. ಆ ಮಗು ಬೇರೆ ಅಲುಗಾಡಿ ಮುಖ ಮಸುಕಾಗಿತ್ತು, ಅದಕ್ಕೇ..."

"ಆ ಮಸುಕು ಮುಖ ನನ್ನದು!"

ಅವನು ನಗಬಾರದಿತ್ತು, ನಕ್ಕುಬಿಟ್ಟ. ಅವಳ ಕಣ್ಣು ತುಂಬಿದ್ದು ಕಂಡ ಕೂಡಲೇ ನಗು ಗಂಟಲಲ್ಲೇ ನಿಂತಿತು.

"ತಪ್ಪಾಯ್ತು. ಬೇಕಾದ್ರೆ ಉಳಿದವರನ್ನ ಚಿಕ್ಕದು ಮಾಡ್ತೀನಿ. ನಿಮ್ಮನ್ನ ಮಾತ್ರ ಕೈಬಿಡಲ್ಲ."

ಕೆಲಸದ ಮಾತು ಅದು, ಅಷ್ಟೇ. ಆದರೆ ಮನೆ ಸೇರುವವರೆಗೂ ಅವಳ ಕಿವಿಯಲ್ಲಿ ಬೇರೆ ಏನೂ ಇರಲಿಲ್ಲ!

ಮನೆಯಲ್ಲಿ ಅವಳು ಪುಟ್ಟಿ. ಮೂವತ್ತು ದಾಟಿದರೂ ಪುಟ್ಟಿಯೇ. ಅಣ್ಣಂದಿರಿಬ್ಬರೂ ಮದುವೆಯಾಗಿ ಬೇರೆ ಮನೆ ಮಾಡಿದ್ದರು. ಅಪ್ಪ ಬಿದ್ದು ಒಂದು ಕಾಲಿನ ಬಲ ಹೋದ ಮೇಲೆ, ಅವರ ಮಂಚ ಮುಂದಿನ ಕೋಣೆಗೆ ಬಂತು. ಮಂಚಕ್ಕೂ ಅಡುಗೆಮನೆ ಬಾಗಿಲಿಗೂ ನಡುವೆ ಅವಳ ಮೇಜು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅಪ್ಪನ ಊರುಗೋಲು ನೆಲಕ್ಕೆ ಟಕ್ ಟಕ್ ಅಂದರೆ ಸಾಕು, ಎಲ್ಲಿದ್ದರೂ ಓಡಬೇಕು. ಮನೆಯ ಬೀಗದ ಕೈ ಅವಳ ಹತ್ತಿರವೇ ಇತ್ತು. ಒಳಗೆ ಸಿಕ್ಕಿಕೊಂಡವಳೂ ಅವಳೇ.

ಇನ್ನು ದೊಡ್ಡತ್ತೆ. ಅಪ್ಪನ ಅಕ್ಕ, ಆ ಕುಟುಂಬದ ಹೈಕೋರ್ಟು!

"ನಮ್ಮ ಕುಟುಂಬದ ಕಥೆ ಬರೆಸಿ ಪುಸ್ತಕ ಮಾಡಿ ನೆಂಟರಿಗೆಲ್ಲ ಹಂಚಬೇಕು," ಎಂದು ಅವರು ತೀರ್ಪು ಕೊಟ್ಟಿದ್ದರು. "ಪುಟ್ಟಿ ಬರೀಲಿ. ಹೇಗೂ ಮನೇಲೇ ಇರ್ತಾಳೆ."

ಹೇಗೂ ಮನೇಲೇ ಇರ್ತಾಳೆ... ಈ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಮುಂದೆ ಯಾರೂ ತಕರಾರು ತೆಗೆಯಬಾರದು ಅಂತ ದೊಡ್ಡತ್ತೆ ಒಂದು ನಿಯಮ ಬೇರೆ ಮಾಡಿದ್ದರು. ಪುಸ್ತಕದಲ್ಲಿ ಯಾರ ಬಗ್ಗೆ ಏನೇ ಬರೆದರೂ ಅದನ್ನು ಬೇರೊಬ್ಬರು ಅವರಿಗೆ ಓದಿ ಹೇಳಬೇಕು. ಅವರು ಬಾಯಿಬಿಟ್ಟು 'ಒಪ್ಪಿಗೆ' ಅನ್ನಬೇಕು. ಆಮೇಲೇ ಅಚ್ಚು.

ಹಾಗಾಗಿ ಪುಟ್ಟಿ ಫೋನ್ ಹಿಡಿದು ನೆಂಟರಿಗೆಲ್ಲ ಓದಿದಳು. ಚಿಕ್ಕಪ್ಪ 'ಕೋಪಿಷ್ಠ' ಅನ್ನುವುದನ್ನು ತೆಗೆಸಿ 'ನೇರ ಮಾತಿನವರು' ಮಾಡಿಸಿದರು, ಅದೂ ಫೋನಿನಲ್ಲಿ ಕಿರುಚಾಡಿ! ಇದನ್ನೆಲ್ಲ ಪ್ರೆಸ್ಸಿನಲ್ಲಿ ಹೇಳಿದರೆ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಪ್ರೂಫ್ ಕೊಡುವ ನೆಪದಲ್ಲಿ ಹೋಗುವ ಆ ಒಂದು ಗಂಟೆಯಲ್ಲಿ ಮಾತ್ರ ಅವಳಿಗೆ ಉಸಿರಾಡಿದ ಹಾಗಾಗುತ್ತಿತ್ತು.

"ನಿಮ್ಮ ಸಾಲು ಇನ್ನೂ ಬಂದಿಲ್ವಲ್ಲ?" ಒಂದು ದಿನ ಅವನು ಕೇಳಿದ.

"ನನ್ನ ಬಗ್ಗೆ ಬರೆಯೋಕೆ ಏನಿದೆ ಹೇಳಿ..."

ಅವನು ಪೆನ್ನು ತಿರುಗಿಸುತ್ತಾ ಕೂತ. ಅವಳು ಹೊರಟಾಗ ಮೆಲ್ಲಗೆ ಹೇಳಿದ. "ಮುಂದಿನ ವಾರ ತಪ್ಪದೆ ಬನ್ನಿ. ಒಂದು ಮಾತು ಕೇಳೋದಿದೆ."

ಒಂದು ಮಾತು! ಆ ವಾರವಿಡೀ ಅವಳ ಕಾಲು ನೆಲದ ಮೇಲಿರಲಿಲ್ಲ. ಹೊರಡುವ ದಿನ ಕನ್ನಡಿ ಮುಂದೆ ತಲೆ ಬಾಚಿದಳು, ಬಿಚ್ಚಿದಳು, ಮತ್ತೆ ಬಾಚಿದಳು. ಪ್ರೆಸ್ಸಿಗೆ ಹೋದರೆ ಅವನು ತಲೆ ಎತ್ತಲೇ ಇಲ್ಲ.

"ಏನೋ ಕೇಳೋದಿದೆ ಅಂದಿದ್ರಿ..."

"ಏನಿಲ್ಲ ಮೇಡಂ. ಕೊನೇ ಪ್ರೂಫ್ ಇಲ್ಲಿದೆ, ತಗೊಳ್ಳಿ."

ಮೇಡಂ! ಅವಳು ಹಾಳೆಗಳ ಕಟ್ಟನ್ನು ಎದೆಗೆ ಒತ್ತಿಕೊಂಡು ಹೊರಬಂದಳು. 'ನಾನೇ ಏನೇನೋ ಅಂದ್ಕೊಂಡೆ. ಎಂಥ ಹುಚ್ಚಿ ನಾನು!'

ನಡುವೆ ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ. ನಿಮಗೆ ಹೇಳಿಬಿಡುತ್ತೇನೆ. ದೊಡ್ಡತ್ತೆ ಪ್ರೆಸ್ಸಿಗೆ ತಾವೇ ಹೋಗಿ ಒಂದು ಸಾಲು ಸೇರಿಸಲು ಹೇಳಿದ್ದರು. 'ಕಿರಿಯ ಮಗಳು. ಮದುವೆಯ ಆಸೆ ತೊರೆದು, ತಂದೆಯ ಸೇವೆಗೆ ತನ್ನ ಬದುಕನ್ನೇ ಮುಡಿಪಾಗಿಟ್ಟವಳು.'

"ಅವರು ಇದಕ್ಕೆ ಒಪ್ಪಿದ್ದಾರಾ?" ಎಂದು ಅವನು ಕೇಳಿದ.

"ನಮ್ಮನೆ ನಿಯಮ ನಿಮಗೆ ಗೊತ್ತೇ ಇದೆಯಲ್ಲಪ್ಪ!" ಎಂದಿದ್ದರು ದೊಡ್ಡತ್ತೆ.

ಗೊತ್ತಿದ್ದದ್ದೇ ತೊಂದರೆಯಾಯಿತು. ಅವಳು ಒಪ್ಪಿಗೆ ಅನ್ನದೆ ಈ ಸಾಲು ಇಲ್ಲಿಯವರೆಗೆ ಬರುವುದಿಲ್ಲ ಎಂದುಕೊಂಡ. ಕೇಳಬೇಕೆಂದಿದ್ದ ಮಾತನ್ನು ನುಂಗಿ, ಆ ಸಾಲನ್ನು ಪುಟಕ್ಕೆ ಜೋಡಿಸಿದ.

ಅಪ್ಪ ಮಲಗಿದ್ದಾಗ ಅವಳು ಮೇಜಿನ ಮುಂದೆ ಕೂತು ಪ್ರೂಫ್ ತಿರುವಿದಳು. ಕಣ್ಣು ಆ ಸಾಲಿನ ಮೇಲೆ ಬಿತ್ತು.

ಮತ್ತೊಮ್ಮೆ ಓದಿದಳು. ಕೋಣೆ ಚಿಕ್ಕದಾಯಿತು. ಇದು ಅಚ್ಚಾದರೆ ಮುಗಿಯಿತು... ಪ್ರತಿ ನೆಂಟರ ಮನೆಯ ಕಪಾಟಿನಲ್ಲೂ ಅವಳು ಹೀಗೇ ಉಳಿದುಬಿಡುತ್ತಾಳೆ. ಆಮೇಲೆ ಯಾರು ಕೇಳುತ್ತಾರೆ, ಪುಟ್ಟಿ, ನಿನಗೇನು ಬೇಕು ಅಂತ?

'ಅವನೇ ಜೋಡಿಸಿದ್ದಾನೆ. ಒಂದು ಮಾತೂ ಕೇಳದೆ! ಕೈಬಿಡಲ್ಲ ಅಂದವನು...'

ಫೋನ್ ಮಾಡಿದರೆ ದೊಡ್ಡತ್ತೆಗೆ ಆಶ್ಚರ್ಯವೋ ಆಶ್ಚರ್ಯ. "ಹೊಗಳಿಯೇ ಬರೆಸಿದ್ದೀನಲ್ಲೇ! ಇರೋದನ್ನ ಬರೆದ್ರೆ ತಪ್ಪೇನೇ?"

ದೊಡ್ಡಣ್ಣ, "ಅತ್ತೆ ಓದಿ ಹೇಳಿದ್ರು, ಕಣ್ಣಲ್ಲಿ ನೀರು ಬಂತು ಪುಟ್ಟಿ," ಅಂದ. ಚಿಕ್ಕಣ್ಣನಿಗೂ ಕಣ್ಣಲ್ಲಿ ನೀರು ಬಂದಿತ್ತಂತೆ. ಬರದೆ ಏನು? ಅಪ್ಪನನ್ನು ಯಾರು ನೋಡಿಕೊಳ್ಳಬೇಕು ಅನ್ನುವ ಪ್ರಶ್ನೆ ಒಂದೇ ಸಾಲಿನಲ್ಲಿ ತೀರಿಹೋಗಿತ್ತಲ್ಲ!

ಭಾನುವಾರ ಎಲ್ಲರೂ ಅಪ್ಪನ ಮಂಚದ ಸುತ್ತ ಸೇರಿದರು. ಕೊನೆಯ ಓದು. ತಿದ್ದುಪಡಿ ಇದ್ದರೆ ಅಲ್ಲೇ ಗುರುತು ಹಾಕಿಕೊಳ್ಳಲಿ ಅಂತ ದೊಡ್ಡತ್ತೆ ಪ್ರೆಸ್ಸಿನವನನ್ನೂ ಕರೆಸಿದ್ದರು. ಅವನು ಕೆಂಪು ಪೆನ್ನು ಹಿಡಿದು ಬಾಗಿಲ ಪಕ್ಕ ಕೂತ. ಅವಳ ಕಡೆ ನೋಡಲಿಲ್ಲ. ಅವಳೂ ನೋಡಲಿಲ್ಲ.

ಪುಟ್ಟಿ ಒಬ್ಬೊಬ್ಬರದೇ ಓದುತ್ತಾ ಹೋದಳು.

"ಹಿರಿಯ ಮಗ. ಎಂದೆಂದೂ ತಂದೆಯ ಆಸರೆ."

"ಒಪ್ಪಿಗೆ," ಅಂದ ದೊಡ್ಡಣ್ಣ, ಕಾಲರ್ ಸರಿಮಾಡಿಕೊಂಡು.

"ಎರಡನೆಯ ಮಗ. ತಂದೆಯ ಕಣ್ಣಿನ ಬೆಳಕು."

"ಒಪ್ಪಿಗೆ, ಒಪ್ಪಿಗೆ."

ಮುಂದಿನ ಸಾಲು ಬಂದಾಗ ಅವಳು ಓದು ನಿಲ್ಲಿಸಿದಳು.

"ಸರಿ, ಮುಗೀತಲ್ಲ," ಎಂದು ದೊಡ್ಡತ್ತೆ ಏಳಹೊರಟರು.

"ಮುಗೀಲಿಲ್ಲ ಅತ್ತೆ. ನನ್ನ ಸಾಲಿದೆ. ಎಲ್ಲರಿಗೂ ನಾನು ಓದ್ದೆ, ನನಗೆ ಯಾರೂ ಓದ್ಲಿಲ್ಲ. ನನ್ನದನ್ನ ನಾನೇ ಓದ್ಕೊಳ್ಳೋ ಹಾಗಿಲ್ವಲ್ಲ, ನಿಮ್ಮದೇ ನಿಯಮ." ಅವಳು ಹಾಳೆಯನ್ನು ನೇರ ಬಾಗಿಲ ಕಡೆ ಚಾಚಿದಳು. "ನೀವು ಓದಿ. ಜೋಡಿಸಿದವರು ನೀವೇ ತಾನೆ?"

ಅವನು ಎದ್ದು ಬಂದು ಹಾಳೆ ತೆಗೆದುಕೊಂಡ. "ಕಿರಿಯ ಮಗಳು. ಮದುವೆಯ ಆಸೆ ತೊರೆದು..." ಕೆಮ್ಮಿ ಮುಂದುವರಿಸಿದ. "...ತಂದೆಯ ಸೇವೆಗೆ ತನ್ನ ಬದುಕನ್ನೇ ಮುಡಿಪಾಗಿಟ್ಟವಳು."

"ಒಪ್ಪಿಗೆ ಇಲ್ಲ!"

ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು. ಅವನು ತಟ್ಟನೆ ತಲೆ ಎತ್ತಿದ.

"ಹಾಗಾದ್ರೆ... ನೀವು ಇದಕ್ಕೆ ಒಪ್ಪಿರ್ಲಿಲ್ವಾ?"

"ನನ್ನನ್ನ ಯಾರಾದ್ರೂ ಕೇಳಿದ್ರೆ ತಾನೆ!" ಅವಳ ಕಣ್ಣೀರು ಉಕ್ಕಿತು. "ಅಪ್ಪ ಅಂದ್ರೆ ನನಗೆ ಜೀವ. ಅವರನ್ನ ನೋಡ್ಕೊಳ್ಳೋಕೆ ಬೇಜಾರಿಲ್ಲ. ಆದ್ರೆ ಆಸೆ ತೊರೆದೆ ಅಂತ ನಾನು ಯಾವತ್ತು ಹೇಳ್ದೆ? ನನಗೂ ಆಸೆ ಇದೆ!"

"ಅಯ್ಯೋ, ಎಲ್ಲರ ಮುಂದೆ ಏನೇ ಇದು!" ದೊಡ್ಡತ್ತೆ ಸೆರಗು ಸರಿಮಾಡಿಕೊಂಡರು. "ಹಾಗಾದ್ರೆ ನನ್ನ ತಮ್ಮನನ್ನ ಯಾರು ನೋಡ್ಕೋತಾರೆ?"

ಟಕ್! ಊರುಗೋಲು ನೆಲಕ್ಕೆ ಬಡಿಯಿತು. ಅಭ್ಯಾಸದಂತೆ ಪುಟ್ಟಿ ಏಳಹೋದಳು. ಅಪ್ಪ ಕೈಯಲ್ಲೇ ತಡೆದರು.

"ಅಕ್ಕ, ಆ ಸಾಲಲ್ಲಿ ನಾನೂ ಇದ್ದೀನಿ. ನನಗೂ ಯಾರೂ ಓದಿ ಹೇಳ್ಲಿಲ್ಲ. ನನ್ನ ಒಪ್ಪಿಗೆನೂ ಇಲ್ಲ." ಅಪ್ಪ ನಿಧಾನವಾಗಿ ಗಂಡುಮಕ್ಕಳ ಕಡೆ ತಿರುಗಿದರು. "ಒಬ್ಬ ನನ್ನ ಆಸರೆ, ಇನ್ನೊಬ್ಬ ನನ್ನ ಕಣ್ಣಿನ ಬೆಳಕು. ಈಗಷ್ಟೇ ಇಬ್ಬರೂ ಒಪ್ಪಿಗೆ ಅಂದ್ರಲ್ಲ? ನನ್ನನ್ನ ಯಾರು ನೋಡ್ಕೋತಾರೆ ಅಂತ ಇನ್ನೇನು ಕೇಳೋದಿದೆ?"

ಅಣ್ಣಂದಿರು ಮುಖ ಮುಖ ನೋಡಿಕೊಂಡರು. ಅತ್ತಿಗೆಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದಳು.

"ಪುಟ್ಟಿ," ಅಂದರು ಅಪ್ಪ, ಮೆತ್ತಗೆ. "ನಾನೂ ಕೇಳಬೇಕಿತ್ತು ಕಣಮ್ಮ. ಕೇಳಿದ್ರೆ ಎಲ್ಲಿ ಹೊರಟುಹೋಗ್ತೀಯೋ ಅಂತ ಭಯ... ಹೋಗು, ಪ್ರೆಸ್ಸಿನವರನ್ನ ಗೇಟಿನವರೆಗೆ ಬಿಟ್ಟು ಬಾ. ನಿಧಾನವಾಗಿ ಬಾ."

ಗೇಟಿನ ಹತ್ತಿರ ಇಬ್ಬರೂ ನಿಂತರು.

"ಅವತ್ತು ಮೇಡಂ ಅಂತ ಕೊಂದ್ರಲ್ಲ," ಅಂದಳು ಅವಳು. "ಒಂದು ಸಲ ನನ್ನನ್ನೇ ಕೇಳಬಹುದಿತ್ತು."

"ನೀವು ಒಪ್ಪಿರ್ತೀರಿ ಅಂದ್ಕೊಂಡೆ. ಒಪ್ಪಿದವರ ಮನಸ್ಸು ಕದಡಬಾರದು ಅಂತ... ಆ ಸಾಲು ಜೋಡಿಸೋವಾಗ ಒಂದೊಂದು ಅಕ್ಷರಾನೂ ಚುಚ್ತಿತ್ತು. ನನ್ನ ತಪ್ಪು. ಕೇಳಬೇಕಿತ್ತು."

"ಈಗ ಕೇಳಿ."

ಅವನು ಪ್ರೂಫ್ ಹಾಳೆಯನ್ನು ಗೇಟಿನ ಕಂಬಕ್ಕೆ ಒತ್ತಿ ಹಿಡಿದು, ಆ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ. ಪಕ್ಕದಲ್ಲಿ ಏನೋ ಬರೆದ. ಕಿವಿ ಕೆಂಪಾಗಿತ್ತು.

"ಓದ್ಲಾ?"

"ಹೂಂ."

"ಕಿರಿಯ ಮಗಳು. ಇಡೀ ಕುಟುಂಬದ ಕಥೆ ಬರೆದವಳು. ಅದನ್ನು ಅಚ್ಚು ಹಾಕಿದವನು ಅವಳನ್ನು ತುಂಬಾ ಪ್ರೀತಿಸುತ್ತಾನೆ."

ಅವಳು ಅಳುತ್ತಲೇ ನಕ್ಕಳು. "ಇದನ್ನ ನೆಂಟರಿಗೆಲ್ಲ ಹಂಚ್ತೀರಾ?"

"ನೀವು ಹೂಂ ಅಂದ್ರೆ ಮಾತ್ರ. ಇಲ್ಲದಿದ್ರೆ ಈ ಹಾಳೆ ನನ್ನ ಜೇಬಲ್ಲೇ ಇರುತ್ತೆ."

ಒಳಗಿನಿಂದ ಟಕ್ ಟಕ್ ಕೇಳಿತು. ಅವಳು ಗಕ್ಕನೆ ಮನೆಯ ಕಡೆ ತಿರುಗಿದಳು. ಅಷ್ಟರಲ್ಲಿ ದೊಡ್ಡಣ್ಣನ ದನಿ.

"ಬಂದೆ ಅಪ್ಪಾ!"

ಅವಳು ನಿಂತಲ್ಲೇ ನಿಂತಳು. ಮತ್ತೆ ಅವನ ಕಡೆ ತಿರುಗಿದಳು.

"ಇನ್ನೊಂದು ಸಲ ಓದಿ."

"ಯಾಕೆ? ತಿದ್ದುಪಡಿ ಇದೆಯಾ?"

"ಇಲ್ಲ. ಕೇಳಬೇಕು ಅನಿಸ್ತಿದೆ."

ಅವನು ಮತ್ತೆ ಓದಿದ. ಈ ಸಲ ಹಾಳೆ ನೋಡಲಿಲ್ಲ, ಅವಳನ್ನೇ ನೋಡುತ್ತಾ ಓದಿದ.

"ಒಪ್ಪಿಗೆ," ಅಂದಳು ಅವಳು.