ಸುರಿಯೋವರೆಗೂ ಸುಮ್ಮನಿರಿ

“ಇದೇನ್ರೀ, ಜಡೆ?” ಪರದೆಯ ಮೇಲಿನ ಚಿತ್ರ ತೋರಿಸಿ ಡಾಕ್ಟ್ರು ಕಣ್ಣಂಚಿನಲ್ಲೇ ನಕ್ಕರು. ಅವರ ನೋಟವಿದ್ದದ್ದು ಮಾತ್ರ ನನ್ನ ಜಡೆಯ ಮೇಲೆ. ಅಬ್ಬಾ, ಆ ನೋಟ!

“ಕೊಲಾಜನ್ ಸ್ವಾಮಿ! ಮೂರು ಎಳೆ ಒಂದಕ್ಕೊಂದು ಸುತ್ಕೊಂಡಿದೆ. ಚರ್ಮ, ಮೂಳೆ, ಕೀಲು... ಪ್ರಾಣಿಗಳ ಮೈ ಬಿಗಿಯಾಗಿ ನಿಂತಿರೋದೇ ಇದ್ರಿಂದ. ಇದಿಲ್ದಿದ್ರೆ ನೀವೂ ನಾನೂ ನೆಲದ ಮೇಲೆ ಹರಡ್ಕೊಂಡು ಬಿದ್ದಿರ್ತಿದ್ವಿ.”

“ನಿಮ್ಮ ಜೊತೆ ಬಿದ್ದಿರೋಕೆ ನನಗೇನೂ ತೊಂದ್ರೆ ಇಲ್ಲಪ್ಪ.”

ಸುಟ್ಟಗಾಯದ ವಾರ್ಡಿನ ಡಾಕ್ಟರು ಅವರು. ಗಾಯದ ಮೇಲೆ ಹೊಸ ಚರ್ಮ ಬೆಳೆಯಲು ಕೊಲಾಜನ್ನಿನ ಹಾಸು ಬೇಕು. ಅದನ್ನು ಮಾಡಲು ಕಲಿಯಲೆಂದು ನಮ್ಮ ಲ್ಯಾಬಿಗೆ ಬರುತ್ತಿದ್ದರು, ಕಲಿಸುವವಳು ನಾನು. ಐಸ್‌ನಲ್ಲಿರುವಷ್ಟು ಹೊತ್ತು ಅದು ದ್ರವ. ಮೈಬಿಸಿ ತಾಗಿದರೆ ಎಳೆಗಳೆಲ್ಲ ಒಟ್ಟುಗೂಡಿ ಗಟ್ಟಿಯಾಗಿಬಿಡುತ್ತದೆ. ಟ್ಯೂಬ್ ಕೈಗೆತ್ತಿಕೊಂಡ ಕೂಡಲೇ ಅಚ್ಚಿಗೆ ಸುರಿದುಬಿಡಬೇಕು. ಹಾಗಾಗಿ ಅವರು “ನಿಮಗೊಂದು ಮಾತು...” ಎಂದಾಗಲೆಲ್ಲ ನಾನು “ಶ್! ಸುರಿಯೋವರೆಗೂ ಸುಮ್ಮನಿರಿ” ಎನ್ನುತ್ತಿದ್ದೆ. ಸುರಿದು ಮುಗಿಸುವಷ್ಟರಲ್ಲಿ ವಾರ್ಡಿನಿಂದ ಫೋನ್ ಬರುತ್ತಿತ್ತು. ಹಾಳು ಫೋನ್!

ಆ ದಿನ ನಾನೇ ಹೇಳಿಬಿಡಬೇಕೆಂದು ಅಕ್ಕನ ಕಿವಿಯೋಲೆ ಹಾಕಿಕೊಂಡು ಬಂದಿದ್ದೆ. ಐಸ್‌ನಿಂದ ಟ್ಯೂಬ್ ಎತ್ತಿಕೊಂಡೆ, ಅಷ್ಟೇ.

“ಇವತ್ತೇ ಕೊನೆ. ಇನ್ನು ಬರಲ್ಲ. ನನ್ನ ಮದುವೆ ನಿಶ್ಚಯ ಆಯ್ತು” ಎಂದರು.

ಟ್ಯೂಬನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ, ಸುರಿಯುವುದೇ ಮರೆತುಹೋಯಿತು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ.

“ನನಗೇನೋ ಹೇಳ್ಬೇಕು ಅಂತಿದ್ರಲ್ಲ?”

“ಬಾಯಿ ತೆಗೆದಾಗಲೆಲ್ಲ ಮುಚ್ಚಿಸಿದ್ರಿ. ಇಷ್ಟ ಇಲ್ಲ, ನಯವಾಗಿ ತಪ್ಪಿಸ್ಕೋತಿದ್ದಾರೆ ಅಂದ್ಕೊಂಡೆ. ಅಮ್ಮ ಹುಡುಗಿ ತೋರಿಸಿದ್ರು, ಹೂಂ ಅಂದೆ.”

“ಅಯ್ಯೋ ದೇವರೇ! ಟ್ಯೂಬ್ ಬಿಸಿಯಾಗುತ್ತೆ ಅಂತ ಹಾಗಂದೆ ಕಣ್ರೀ! ನಿಮ್ಮ ಮೇಲೆ ಜೀವಾನೇ ಇಟ್ಕೊಂಡಿದ್ದೀನಿ!”

ಅವರ ಮುಖ ಬಿಳಿಚಿಕೊಂಡಿತು. ನನ್ನ ಕೈಯಿಂದ ಮೆಲ್ಲಗೆ ಟ್ಯೂಬ್ ಬಿಡಿಸಿ ಬಗ್ಗಿಸಿದರು. ಒಂದು ಹನಿಯೂ ಬೀಳಲಿಲ್ಲ. ನನ್ನ ಮುಷ್ಟಿಯೊಳಗೇ ಎಲ್ಲ ಗಟ್ಟಿಯಾಗಿತ್ತು.

“ಈ ಮದುವೆ ಬೇಡ ಅನ್ನೋಕಾಗಲ್ವಾ?”

“ಆ ಹುಡುಗಿ ಏನು ತಪ್ಪು ಮಾಡಿದ್ದಾಳೆ ಹೇಳಿ. ನನ್ನ ನಂಬ್ಕೊಂಡು ಇದ್ದ ಕೆಲಸಾನೂ ಬಿಟ್ಟಿದ್ದಾಳೆ.”

ನನಗೆ ಅಳು ತಡೆಯಲಾಗಲಿಲ್ಲ. ಗ್ಲೌಸ್ ಹಾಕಿದ ಕೈಯಲ್ಲಿ ಕಣ್ಣು ಒರೆಸುವಂತೆಯೂ ಇಲ್ಲ. ಅವರೇ ಕರ್ಚೀಫು ತೆಗೆದರು, ಮತ್ತೆ ಏನನ್ನಿಸಿತೋ, ಜೇಬಿಗೇ ತುರುಕಿಕೊಂಡರು.

“ಹಾಗಾದ್ರೆ ಆ ಮಾತನ್ನ ಒಂದೇ ಒಂದು ಸಲ ಹೇಳ್ಬಿಡಿ. ಕೇಳಿ ಮರ್ತುಬಿಡ್ತೀನಿ. ದೇವರಾಣೆ.”

ಹೇಳಿದರು. ನನ್ನ ಕಣ್ಣುಗಳನ್ನೇ ನೋಡುತ್ತ, ತಡವರಿಸದೆ ಹೇಳಿದರು. ಆಮೇಲೆ ಲ್ಯಾಬಿನ ಕೋಟು ಬಿಚ್ಚಿ ಗೋಡೆಗೆ ತಗುಲಿಸಿ ಹೊರಟುಹೋದರು.

ದೇವರ ಮೇಲೆ ಇಟ್ಟ ಆಣೆಯೂ ಸುಳ್ಳಾಯಿತು. ಒಂದಕ್ಷರವನ್ನೂ ಮರೆತಿಲ್ಲ.