ಫ್ಯಾನಿನ ಗುಡ್ಡದ ಇಳಿಜಾರು

“ನಿಮಗ ನಾ ಬೇಕೋ ಬ್ಯಾಡೋ? ಅಷ್ಟ ಹೇಳ್ರಿ, ಹೋಗ್ತೀನಿ.”

ಸುರೇಖಾ ಇದೊಂದು ಮಾತು ಕೇಳಲಿಕ್ಕೆಂದೇ ಯಲಬುರ್ಗಾದಿಂದ ಈ ಗುಡ್ಡ ಹತ್ತಿ ಬಂದಿದ್ದಳು. ತುದಿಯಲ್ಲಿ ಕರೆಂಟು ಮಾಡುವ ಗಾಳಿಯಂತ್ರಗಳು ಗಿರ್ರನೆ ತಿರುಗುತ್ತಿದ್ದವು. ಊರವರ ಬಾಯಲ್ಲಿ ಅವು ಬರೀ ಫ್ಯಾನು. ಆ ಫ್ಯಾನುಗಳ ಎಂಜಿನಿಯರ್ ಶಾಂತಕುಮಾರ ಅವಳೆದುರು ತಲೆ ತಗ್ಗಿಸಿ ನಿಂತಿದ್ದ. ಸೋಮವಾರ ಅವನಿಗೆ ಬೇರೆ ಜಿಲ್ಲೆಗೆ ವರ್ಗ. ಅವನೇ ಕೇಳಿ ಪಡೆದ ವರ್ಗ ಅದೆಂದು ಅವಳಿಗೆ ನಿನ್ನೆಯಷ್ಟೇ ತಿಳಿದಿತ್ತು.

“ನನ್ನ ಸಲುವಾಗಿ ನಿಮ್ಮ ಮನಿ ಒಡೀಬಾರದು ಡಾಕ್ಟರ್‌ಗಾರು.”

ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪು ಶ್ರೀರಾಮನಗರದ ಹುಡುಗ, ಮನೆಯಲ್ಲಿ ತೆಲುಗು. ಎಷ್ಟೇ ಸಂಕಟವಾದರೂ ಮರ್ಯಾದೆಯ ಆ ‘ಗಾರು’ ಮಾತ್ರ ಬಿಡುವವನಲ್ಲ. ದನದ ಡಾಕ್ಟರಾದ ಅವಳಿಗೆ ಅದನ್ನು ಕೇಳಿದಾಗಲೆಲ್ಲ ಎದೆಯಲ್ಲಿ ಬೆಲ್ಲ ಕರಗಿದಂತಾಗುತ್ತಿತ್ತು. ಇವತ್ತು ಮಾತ್ರ ಉರಿಯಿತು.

“ಮನಿ ನಂದು. ಒಡದ್ರ ನಾ ಕೂಡಸ್ಕೋತೀನಿ. ನೀವು ನಿಮ್ಮದು ಹೇಳ್ರಿ.”

ಅವನು ಕಣ್ಣೆತ್ತಿದ. ಅವಳ ಕೂದಲಿಗೆ ಅಂಟಿದ್ದ ಒಣಹುಲ್ಲಿನ ಎಸಳಿನ ಮೇಲೆ ಆ ಕಣ್ಣು ನಿಂತಿತು, ಕೆಳಗಿಳಿಯಿತು, ಅವಳ ಕಣ್ಣಲ್ಲಿ ಕೂತಿತು. ತುಟಿ ಅಲುಗಿತು.

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಅವಳ ಅಣ್ಣ ಗುರುಬಸವನ ದೊಡ್ಡ ಗಾಡಿ ಬಂದು ನಿಂತಿತು. ಇಳಿದವನ ಕೈಯಲ್ಲಿ ಜಾಕಿನ ರಾಡು.

“ಕ್ಯಾಂಪಿನ ಮಗನ, ನಮ್ಮ ಹುಡುಗೀನ ಗುಡ್ಡಕ್ಕ ಕರಸ್ಕೋತೀ?”

“ಅಣ್ಣ, ಅವ್ರು ಕರದಿಲ್ಲ, ನಾನ ಬಂದೀನಿ!”

ರಾಡು ಆಗಲೇ ಬೀಸಿಯಾಗಿತ್ತು. ಶಾಂತಕುಮಾರನ ಹಣೆ ಒಡೆದು, ಹುಬ್ಬಿನ ಮೇಲಿಂದ ರಕ್ತ ಜಾರಿತು. ಎರಡನೇ ಏಟಿಗೆ ಎತ್ತಿದ ಕೈಗೆ ಸುರೇಖಾ ಜೋತುಬಿದ್ದಳು. ಗೂಳಿಯ ಮೂಗುದಾರ ಹಿಡಿದು ಪಳಗಿದ ಕೈ ಅವಳದು. ಅಣ್ಣನನ್ನು ತಿರುಗಿಸಿ ಒಗೆದಳು. ಗುರುಬಸವ ಕಲ್ಲಿನ ಮೇಲೆ ಬಿದ್ದು ಮೊಣಕೈ ತರಚಿಕೊಂಡ. ಅವನು ಏಳುವಷ್ಟರಲ್ಲಿ ಶಾಂತಕುಮಾರನನ್ನು ತನ್ನ ಸಣ್ಣ ಕಾರಿಗೆ ನೂಕಿ ಹೊರಟಿದ್ದಳು. ಹಿಂದಿನ ಗಾಜು ರಾಡಿನ ಏಟಿಗೆ ಪುಡಿಯಾಗಿ ಇಬ್ಬರ ಬೆನ್ನ ಮೇಲೂ ಸುರಿಯಿತು.

ಅವಳದು ಆಟೋಮ್ಯಾಟಿಕ್ ಕಾರು. ಎಮ್ಮೆ ಒದ್ದು ಮುರಿದಿದ್ದ ಎಡಗಾಲು ಕ್ಲಚ್ ತುಳಿಯಲು ಒಲ್ಲೆನ್ನುತ್ತಿತ್ತೆಂದೇ ಅದನ್ನು ಕೊಂಡಿದ್ದಳು. ಕ್ರೇನ್ ಹತ್ತಿಸಲು ಗುಡ್ಡ ಕಡಿದು ಮಾಡಿದ ರಸ್ತೆ ಮುಂದೆ ಗೋಡೆ ಇಳಿದಂತೆ ಇಳಿಯುತ್ತಿತ್ತು. ಅವಳು ಗೇರಿನ ಲಿವರನ್ನು ‘ಡಿ’ಯಿಂದ ಎರಡಕ್ಕೆ, ಎರಡರಿಂದ ‘ಎಲ್’ಗೆ ಎಳೆದಳು. ಎಂಜಿನ್ನು ಗುರುಗುಟ್ಟಿ ಕಾರನ್ನು ಹಿಂದಕ್ಕೆ ಜಗ್ಗಿ ಹಿಡಿಯಿತು.

“ಯಾಕ ನಿಧಾನ? ಬಂದ್ರು ನೋಡ್ರಿ!”

“ಇಂಥ ಇಳಿಜಾರಿನ್ಯಾಗ ಬ್ರೇಕ್ ಒಂದ ನಂಬಿದ್ರ ಅದು ಕಾದು ಕೈ ಕೊಡತೈತಿ. ಸಣ್ಣ ಗೇರಿನ್ಯಾಗ ಎಂಜಿನ್ನ ಗಾಡೀನ ಹಿಡಕೋತೈತಿ. ನೀವು ತಲಿ ಒತ್ತಿ ಹಿಡಕೊಂಡು ಸುಮ್ನ ಕುಂದರ್ರಿ.”

“ಬೈಯಾಕತ್ತಿದ್ದು ನನಗೋ ಗಾಡಿಗೋ?”

“ಇಬ್ಬರಿಗೂ.”

ರಕ್ತದ ನಡುವೆಯೂ ಅವನ ತುಟಿಯ ಒಂದು ಮೂಲೆ ನಕ್ಕಿತು. ಅವಳಿಗೆ ಅಳುವಷ್ಟು ಸಿಟ್ಟು ಬಂತು.

ಡ್ಯಾಶ್‌ಬೋರ್ಡಿನ ಮೇಲಿದ್ದ ಫೋನು ಕೂಗಿತು. ಸ್ಪೀಕರಿನಲ್ಲಿ ಅಣ್ಣ.

“ಗಾಡಿ ನಿಂದರ್ಸು. ಅವನ್ನ ಇಳಸು. ಇಲ್ಲಂದ್ರ ಇಬ್ಬರ್ನೂ ಕೂಡೆ ಕೆಳಗ ಉರುಳಸ್ತೀನಿ!”

ದೊಡ್ಡ ಗಾಡಿಯ ಮೂತಿ ಹಿಂದಿನಿಂದ ಒಮ್ಮೆ ಗುದ್ದಿತು. ಕಾರು ಓಲಾಡಿ ಸರಿಹೋಯಿತು. ಗುರುಬಸವ ತಿರುವು ಬಂದಾಗಲೆಲ್ಲ ಬ್ರೇಕನ್ನು ಜಜ್ಜುತ್ತಿದ್ದ. ಸುಟ್ಟ ರಬ್ಬರಿನಂಥ ವಾಸನೆ ಒಡೆದ ಗಾಜಿನೊಳಗೆ ನುಗ್ಗಿತು. ಇನ್ನೊಂದು ತಿರುವು ಕಳೆದದ್ದೇ ತಡ, ಒಂದೇ ಸಮನೆ ಒದರುತ್ತಿದ್ದ ಅವನ ಹಾರ್ನು ನಿಂತಿತು. ಬೈಗುಳ ನಿಂತಿತು.

“ಸುರೇಖಾ... ಬ್ರೇಕು ಹಿಡೀವಲ್ದು.”

ಅಷ್ಟು ಸಣ್ಣ ದನಿ ಅಣ್ಣನಿಗಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

“ಗೇರು ಯಾವುದ್ರಾಗ ಐತಿ?”

“ನ್ಯೂಟ್ರಲ್.”

ಹರೆಯದಲ್ಲಿ ಮೆಕ್ಕೆಜೋಳದ ಲಾರಿ ಓಡಿಸಿದವನು ಗುರುಬಸವ. ಇಳಿಜಾರು ಕಂಡರೆ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವ ಚಟ, ಈ ಹೊಸ ಆಟೋಮ್ಯಾಟಿಕ್ ಗಾಡಿಯಲ್ಲೂ ಬಿಟ್ಟಿರಲಿಲ್ಲ. ಇವತ್ತು ಹಾಗೆ ಮಾಡಿದರೆ ಬೇಗ ಉರುಳಿ ತಂಗಿಯನ್ನು ಹಿಡಿದೇನೆಂದುಕೊಂಡಿದ್ದ.

“ಡಿ ಹಾಕು. ಆಮ್ಯಾಲ ಲಿವರ್ ಬಾಜೂಕ ತಳ್ಳಿ, ಮೈನಸ್ ಕಡಿ ಒಂದೊಂದ ಗೇರ್ ಎಳಿ.”

“ಶೋರೂಮಿನ್ಯಾಗ ಡಿ ಬಿಟ್ಟು ಏನೂ ಮುಟ್ಟಬ್ಯಾಡ ಅಂದಾರ!”

“ಶೋರೂಮಿನವ್ರು ಈ ಗುಡ್ಡ ಇಳದಿಲ್ಲೋ ಅಣ್ಣ! ಎಳಿ!”

ಹಿಂದೆ ಎಂಜಿನ್ನು ಊಳಿಟ್ಟಿತು. ವೇಗ ಕುಗ್ಗಿತು, ಸಾಲುವಷ್ಟು ಕುಗ್ಗಲಿಲ್ಲ. ಕೆಳಗಿನ ಕೊನೆಯ ತಿರುವಿನಾಚೆ ಹಳೆಯ ಕಲ್ಲಿನ ಕ್ವಾರಿ ಬಾಯಿ ತೆರೆದುಕೊಂಡಿತ್ತು. ಅದಕ್ಕಿಂತ ಮೊದಲು ಎಡಕ್ಕೊಂದು ಅಗಲದ ಜಾಗ. ಸರಿದು ನಿಂತರೆ ಅವರಿಬ್ಬರೂ ಬದುಕುತ್ತಾರೆ, ಅಣ್ಣ ನೇರ ಕ್ವಾರಿಗೆ.

“ನಾ ಸರಿಯಂಗಿಲ್ರಿ,” ಎಂದಳು. “ಬೆನ್ನು ಕೊಟ್ಟು ಅವನ್ನ ತಡೀತೀನಿ. ಬ್ರೇಕ್ ಮುಟ್ಟೇ ಇಲ್ಲ ನಾ, ಇನ್ನೂ ತಂಪ ಐತಿ. ನೀವು ಇಲ್ಲೇ ಬಾಗಲಾ ತಗದು ಜಿಗೀರಿ.”

ಶಾಂತಕುಮಾರ ಜಿಗಿಯಲಿಲ್ಲ. ಬೆಲ್ಟು ಬಿಗಿದುಕೊಂಡ. ರಕ್ತದ ಕೈಯಲ್ಲೇ ಫೋನು ಎತ್ತಿಕೊಂಡ.

“ಅಣ್ಣಾರ, ನಾನ್ರಿ. ಹೆದರಬ್ಯಾಡ್ರಿ. ಸ್ಟೇರಿಂಗ್ ನೆಟ್ಟಗ ಹಿಡೀರಿ. ನಿಮ್ಮ ಗಾಡಿ ಮೂತಿ ನಮ್ಮ ಕಾರಿನ ಬೆನ್ನಿಗೆ ಹಚ್ಚರಿ. ಹಾಂ... ಬರ್ರಿ... ಬರ್ರಿ.”

ಗುದ್ದಿತು. ಕಾರಿನ ಡಿಕ್ಕಿ ಮುದುಡಿ ಹಿಂದಿನ ಸೀಟಿಗೆ ಒತ್ತಿಕೊಂಡಿತು. ಸುರೇಖಾಳ ಹಲ್ಲು ನಾಲಗೆಯನ್ನು ಕಚ್ಚಿ, ಬಾಯಿ ಉಪ್ಪಾಯಿತು. ‘ಎಲ್’ನಲ್ಲಿ ಸಿಕ್ಕ ಎಂಜಿನ್ನು ಕೊರಳು ಕೊಯ್ದ ಕೋಣದಂತೆ ಅರಚಿತು. ಅವಳು ಇಷ್ಟು ಹೊತ್ತು ಉಳಿಸಿಟ್ಟ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದಳು. ಟೈರುಗಳು ಕಿರುಚಿ, ಎರಡೂ ಗಾಡಿಗಳು ಒಂದನ್ನೊಂದು ನೂಕುತ್ತ, ಕೆರೆಯುತ್ತ, ರಸ್ತೆಬದಿಯ ಜಲ್ಲಿ ರಾಶಿಗೆ ಹೊಕ್ಕು ನಿಂತವು. ಕ್ವಾರಿಯೊಳಗೆ ಒಂದಿಷ್ಟು ಜಲ್ಲಿ ಉದುರುವ ಸದ್ದು ಕೇಳುತ್ತಲೇ ಇತ್ತು.

ಗುರುಬಸವ ಇಳಿದು ಬಂದ. ಸುರೇಖಾ ಎದುರಿಗೆ ಹೋಗಿ ಅಣ್ಣನ ಕೆನ್ನೆಗೆ ಬಾರಿಸಿದಳು. ಮತ್ತೊಂದು ಬಾರಿಸಿದಳು. ಆಮೇಲೆ ಅವನ ಅಂಗಿ ಹಿಡಿದುಕೊಂಡು ಅತ್ತಳು.

“ಹೊಡಿಯವ್ವ, ಇನ್ನೊಂದ ಹೊಡಿ,” ಎಂದ ಅವನು. ಕಣ್ಣು ಮಾತ್ರ ಶಾಂತಕುಮಾರನ ಮೇಲಿತ್ತು. “ನಾ ನಿನಗ ರಾಡಿಲೆ ಹೊಡದೀನಿ. ನೀ ನನಗ ಅಣ್ಣಾರ ಅಂದಿ?”

“ಬೈಯಾಕ ಟೈಮ್ ಇರಲಿಲ್ರಿ.”

ಗುರುಬಸವ ಹೆಗಲ ಟವೆಲ್ ತೆಗೆದು ತಂಗಿಯ ಕೈಗೆ ಕೊಟ್ಟ. ಅವಳು ಶಾಂತಕುಮಾರನ ಹಣೆಗೆ ಸುತ್ತಿದಳು. ಗಂಟು ಬಿಗಿಯುವಾಗ ಅವನ ಉಸಿರು ಅವಳ ಮಣಿಕಟ್ಟಿಗೆ ಬೆಚ್ಚಗೆ ತಾಗುತ್ತಿತ್ತು.

“ಈಗ ಹೇಳ್ರಿ. ಅಣ್ಣನ ಮುಂದ ಹೇಳ್ರಿ.”

“ಬೇಕ್ರಿ,” ಎಂದ ಅವನು. ಅವಳ ಮುಖದಿಂದ ಕಣ್ಣು ಕೀಳಲಿಲ್ಲ. “ಭಾಳ ಬೇಕು. ಹೋಗಾಕ ಮನಸ ಇದ್ದಿಲ್ಲ. ಹೆದರಿದ್ದೆ. ಇನ್ನ ಎಲ್ಲಿಗೂ ಹೋಗಂಗಿಲ್ಲ ಸುರೇಖಾ.”

ಮೊದಲ ಸಲ ‘ಗಾರು’ ಇರಲಿಲ್ಲ. ಅವಳ ಕೈ ಗಂಟಿನ ಮೇಲೆ ಹಾಗೇ ಉಳಿಯಿತು.

ಗುರುಬಸವ ಮುಖ ಬೇರೆ ಕಡೆ ತಿರುಗಿಸಿ ಕೆಮ್ಮಿದ. ಜಜ್ಜಿಹೋದ ಸಣ್ಣ ಕಾರಿನ ಹಿಂದಿನ ಬಾಗಿಲನ್ನು ಎರಡು ಸಲ ಜಗ್ಗಿ ತೆಗೆದು, ಗಾಜಿನ ಚೂರು ಕೈಯಿಂದ ಸರಿಸಿ, ಮೊಣಕಾಲು ಮಡಚಿಕೊಂಡು ಒಳಗೆ ಕೂತ.

“ಮೊದಲ ದವಾಖಾನಿಗಿ ನಡಿ,” ಎಂದ. “ಜಗಳಾ ಮುಗದಿಲ್ಲ. ಆಮ್ಯಾಲ ಮನ್ಯಾಗ ಕುಂತು ಆಡೂಣು. ಅವನೂ ಬರ್ಲಿ.”